ದಿನ ತುಂಬುವ ಮುನ್ನ ಬರುವ ಬೇನೆ

ತಿಪಟೂರು ಸೀಮೆಯ ತೆಂಗಿನ ತೋಟದವರಿಗೆ ಕಾಯಿಯ ಕಾಲಜ್ಞಾನವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯುವುದಕ್ಕೆ ಸುಮಾರು ಒಂದು ವರುಷ ಬೇಕು. ಬಲಿತ ಕಾಯಿ ಅಟ್ಟದ ಮೇಲೆ ಮತ್ತೆ ಹಲವು ತಿಂಗಳು ಕುಳಿತಲ್ಲದೆ ಉಂಡೆ ಕೊಬ್ಬರಿಯಾಗದು. ಹಾಲ್ಕುರಿಕೆಯಲ್ಲಿ ಹತ್ತು ವರುಷದ ಹುಡುಗನೂ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ನೀರಿನ ಸದ್ದಿನಿಂದಲೇ ಅದು ಯಾವ ಹದಕ್ಕೆ ಬಂದಿದೆಯೆಂದು ಹೇಳಬಲ್ಲ. ಆದರೆ ಅದೇ ಮನೆಯಲ್ಲಿರುವ ಬಸುರಿ ಹೆಂಗಸಿಗೆ ಈಗ ಎಷ್ಟು ವಾರಗಳಾದುವೆಂದು ಕೇಳಿ ನೋಡಿ. "ಏಳೋ ಎಂಟೋ ಇರಬೇಕು" ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಏಳಕ್ಕೂ ಎಂಟಕ್ಕೂ ನಡುವೆ ಇರುವ ನಾಲ್ಕು ವಾರಗಳಲ್ಲಿ ಶಿಶುವಿನ ಎದೆಯೊಳಗೆ ಏನೇನು ನಡೆಯುತ್ತದೆಯೆಂಬುದನ್ನು ಬಲ್ಲವರು ಇಷ್ಟು ನಿಶ್ಚಿಂತೆಯಿಂದ ಉತ್ತರಿಸಲಾರರು.

ಭೌತಶಾಸ್ತ್ರವನ್ನು ಬೋಧಿಸುವ ನಾವು ಪ್ರಸವದ ವಿಷಯವನ್ನು ಬರೆಯಲು ಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇದಕ್ಕೆ ಎರಡು ಕಾರಣಗಳುಂಟು. ದಿನ ತುಂಬದ ಮಗುವಿನ ಪ್ರಾಣಸಂಕಟದ ಬಹುಭಾಗ ಭೌತಶಾಸ್ತ್ರದ ಎರಡು ಸರಳ ನಿಯಮಗಳ ಒಳಗೆ ಅಡಗಿದೆ ಎಂಬುದು ಒಂದು. ಇನ್ನೊಂದು, ನಮ್ಮ ಮನೆಯಲ್ಲಿಯೇ ನಡೆದ ಒಂದು ರಾತ್ರಿಯ ಸಂಗತಿ.

ನಮ್ಮ ತಂಗಿ ಸೀಮಂತ ಮುಗಿಸಿಕೊಂಡು ಹಾಲ್ಕುರಿಕೆಯ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು; ವಾರದ ಲೆಕ್ಕದಲ್ಲಿ ಹೇಳುವುದಾದರೆ 31 ವಾರ. ಸಂಜೆಯ ಹೊತ್ತಿಗೆ ಅವಳಿಗೆ ನಡು ನೋಯಲಾರಂಭಿಸಿತು. ಹೊಟ್ಟೆ ಆಗಾಗ ಕಲ್ಲಿನಂತೆ ಬಿಗಿಯುವುದು, ಮತ್ತೆ ಸಡಿಲವಾಗುವುದು. ನೋವೆಂದು ಹೇಳುವಷ್ಟು ನೋವಿಲ್ಲ. ನಮ್ಮ ದೊಡ್ಡಮ್ಮ ನೋಡಿ, "ಪಯಣ ಮಾಡಿ ಉಷ್ಣ ಆಗೈತೆ ಕಣವ್ವ, ಒಂದು ಎಳನೀರು ಕುಡಿದು ಮಲಿಕ್ಕೊ" ಎಂದರು. ರಾತ್ರಿ ಎಂಟು ಗಂಟೆಗೆ ದೂರವಾಣಿಯ ಮೂಲಕ ನಮ್ಮನ್ನು ಕೇಳಿದಾಗ ನಾವು ಕೂಡ, ಪ್ರಯಾಣದ ಆಯಾಸವಿರಬೇಕು, ಬೆಳಗ್ಗೆ ಆಸ್ಪತ್ರೆಗೆ ತೋರಿಸೋಣ ಎಂದು ಹೇಳಿ ಕೈತೊಳೆದುಕೊಂಡೆವು. ಎರಡು ಸ್ನಾತಕ ತರಗತಿಗಳಿಗೆ ಲೋಲಕದ ಆವರ್ತಕಾಲವನ್ನು ಅಳೆಯುವುದು ಹೇಗೆಂದು ವರುಷವರುಷವೂ ಕಲಿಸುವ ನಮಗೆ, "ಎಷ್ಟು ನಿಮಿಷಕ್ಕೊಮ್ಮೆ ಬಿಗಿಯುತ್ತದೆ?" ಎಂಬ ಪ್ರಶ್ನೆಯೇ ಹೊಳೆಯಲಿಲ್ಲ.

ಆ ಪ್ರಶ್ನೆ ಹೊಳೆದದ್ದು ಎರಡು ಮನೆಯಾಚೆ ಇರುವ ಆಶಾ ಕಾರ್ಯಕರ್ತೆಗೆ. ಹತ್ತು ಗಂಟೆಗೆ ಬೇರೇನೋ ಕೆಲಸಕ್ಕೆ ಬಂದವರು ತಂಗಿಯ ಹೊಟ್ಟೆಯ ಮೇಲೆ ಅಂಗೈಯನ್ನಿಟ್ಟು ಗೋಡೆಯ ಗಡಿಯಾರವನ್ನು ನೋಡುತ್ತ ಕುಳಿತರು. ಒಂದು ಗಂಟೆಯೊಳಗೆ ಏಳು ಸಲ ಬಿಗಿಯಿತು. ಬಟ್ಟೆ ಒದ್ದೆಯಾಯಿತೇ ಎಂದು ಕೇಳಿದರು. ಆಗಿತ್ತು, ಮೂತ್ರವಿರಬೇಕೆಂದು ನಾಚಿಕೆಯಿಂದ ತಂಗಿ ಯಾರಿಗೂ ಹೇಳಿರಲಿಲ್ಲ. "ದೊಡ್ಡವ್ವ, ಇದು ಉಷ್ಣ ಅಲ್ಲ" ಎಂದವರೇ 108ಕ್ಕೆ ಕರೆ ಮಾಡಿದರು.

ಈ ಸಂಗತಿಯ ಉಳಿದ ಭಾಗವನ್ನು ಮುಂದೆ ಹೇಳುತ್ತೇವೆ. ಈಗ, ಅಷ್ಟು ಅವಸರವೇಕೆ ಎಂಬುದನ್ನು ನೋಡೋಣ.

ಗರ್ಭದ ಅವಧಿಯನ್ನು ಕಡೆಯ ಮುಟ್ಟಿನ ಮೊದಲನೆಯ ದಿನದಿಂದ ಎಣಿಸುವುದು ವಾಡಿಕೆ. ಹೀಗೆ ಎಣಿಸಿದರೆ ಪೂರ್ಣಾವಧಿ 280 ದಿನ, ಎಂದರೆ 40 ವಾರ. 37 ವಾರ ತುಂಬುವ ಮೊದಲೇ ಆಗುವ ಪ್ರಸವವನ್ನು ಅಕಾಲ ಪ್ರಸವವೆನ್ನುತ್ತಾರೆ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹೀಗೆ ದಿನ ತುಂಬದೆ ಜನಿಸಿದುವೆಂದೂ, ಅವುಗಳಲ್ಲಿ ಸುಮಾರು 30 ಲಕ್ಷ ಭಾರತದವೆಂದೂ ಅಂದಾಜು. ನಮ್ಮ ದೇಶದಲ್ಲಿ ಎಂಟು ಹೆರಿಗೆಗಳಲ್ಲಿ ಸರಿಸುಮಾರು ಒಂದು ಇಂಥದೆಂದಾಯಿತು. ಇದು ಎಲ್ಲೋ ಯಾರಿಗೋ ಒದಗುವ ಅಪರೂಪದ ವಿಪತ್ತಲ್ಲ. ವಾಚಕರ ಬಂಧುಬಳಗದಲ್ಲಿ ಒಂದಾದರೂ ಉದಾಹರಣೆ ಇದ್ದೇ ಇರುತ್ತದೆ.

1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಒಂದು ಗಂಡು ಮಗು ಹುಟ್ಟಿತು. ಪ್ಯಾಟ್ರಿಕ್ ಎಂದು ಹೆಸರಿಟ್ಟರು. ಅವಧಿಗೆ ಐದೂವರೆ ವಾರ ಮೊದಲೇ ಹುಟ್ಟಿದ ಆ ಶಿಶುವಿನ ತೂಕ 2.1 ಕಿಲೋಗ್ರಾಂ. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಷ್ಟು ತೂಕದ ಮಗುವನ್ನು ಕಂಡು ಯಾರೂ ಗಾಬರಿಯಾಗುವುದಿಲ್ಲ. ಆದರೆ ಪ್ರಪಂಚದ ಅತ್ಯಂತ ಬಲಶಾಲಿಯಾದ ದೇಶದ ಸಕಲ ವೈದ್ಯಸಾಮಗ್ರಿಯೂ ಸೇರಿ ಆ ಮಗುವನ್ನು ಎರಡು ದಿನಗಳಿಗಿಂತ ಹೆಚ್ಚು ಕಾಲ ಉಳಿಸಲಾಗಲಿಲ್ಲ. ಆಗಸ್ಟ್ 9ರಂದು ಉಸಿರಾಟದ ಕಷ್ಟದಿಂದಲೇ ಅದು ತೀರಿಕೊಂಡಿತು. ಕೊರತೆಯಿದ್ದುದು ಹಣದಲ್ಲಿಯೂ ಅಲ್ಲ, ಆಮ್ಲಜನಕದಲ್ಲಿಯೂ ಅಲ್ಲ. ಶ್ವಾಸಕೋಶದ ಒಳಮೈಗೆ ಲೇಪವಾಗಬೇಕಾಗಿದ್ದ, ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರದಲ್ಲಿ.

ಇಲ್ಲಿ ನಮ್ಮ ಮೊದಲನೆಯ ನಿಯಮ ಬರುತ್ತದೆ. ದ್ರವದ ಮೇಲ್ಮೈ ಎಳೆದು ಕಟ್ಟಿದ ಪೊರೆಯಂತೆ ವರ್ತಿಸುತ್ತದೆ, ಸಾಧ್ಯವಾದಷ್ಟು ಕುಗ್ಗಲು ಯತ್ನಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಗುಳ್ಳೆಯೊಂದರ ಒಳಮೈಯಲ್ಲಿ ದ್ರವದ ಪದರವಿದ್ದರೆ, ಆ ಗುಳ್ಳೆ ಮುಚ್ಚಿಹೋಗದಂತೆ ಹಿಡಿದಿಡಲು ಬೇಕಾಗುವ ಒತ್ತಡವು ಮೇಲ್ಮೈ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದರೆ ದೊರೆಯುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿನಿಂದ ಪ್ರಸಿದ್ಧವಾದ ಸೂತ್ರವಿದು. ತ್ರಿಜ್ಯ ಕಿರಿದಾದಷ್ಟೂ ಒತ್ತಡ ಹಿರಿದಾಗಬೇಕು ಎಂಬ ವಿಚಿತ್ರ ಇದರಲ್ಲಿ ಅಡಗಿದೆ. ಒಂದೇ ಕೊಳವೆಯ ಎರಡು ತುದಿಗಳಲ್ಲಿ ಒಂದು ಸಣ್ಣ, ಒಂದು ದೊಡ್ಡ ಸಾಬೂನಿನ ಗುಳ್ಳೆಯನ್ನು ಊದಿ ನಡುವಿನ ತಿರುಪನ್ನು ತೆರೆದರೆ, ಎರಡೂ ಸಮವಾಗುವುವೆಂದು ಹೊಸಬರು ಊಹಿಸುತ್ತಾರೆ. ನಡೆಯುವುದು ಅದಕ್ಕೆ ತದ್ವಿರುದ್ಧ. ಸಣ್ಣದು ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಕೊಟ್ಟು ತಾನು ಕುಸಿಯುತ್ತದೆ. ಈ ಪ್ರಯೋಗವನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದಾಗಲೆಲ್ಲ ಹಿಂದಿನ ಬೆಂಚಿನವರೂ ಎದ್ದು ನಿಲ್ಲುವುದನ್ನು ನಾವು ಕಂಡಿದ್ದೇವೆ.

ನಮ್ಮ ಶ್ವಾಸಕೋಶವೆಂಬುದು ಇಂಥ ಕೋಟ್ಯಂತರ ಪುಟ್ಟ ಗುಳ್ಳೆಗಳ ಸಮೂಹ. ಅವುಗಳಿಗೆ ವಾಯುಕೋಶಗಳೆಂದು ಹೆಸರು, ಒಳಮೈಯೆಲ್ಲ ತೇವ. ದಿನ ತುಂಬದ ಶಿಶುವಿನಲ್ಲಿ ಒಂದು ವಾಯುಕೋಶದ ತ್ರಿಜ್ಯ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ, ಎಂದರೆ 0.005 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ದೇಹದ ಉಷ್ಣತೆಯಲ್ಲಿ ನೀರಿನ ಮೇಲ್ಮೈ ಎಳೆತ ಸೆಂಟಿಮೀಟರಿಗೆ ಸುಮಾರು 70 ಡೈನ್. ಸೂತ್ರದಲ್ಲಿಟ್ಟು ಲೆಕ್ಕ ಮಾಡಿದರೆ ಒತ್ತಡ ಚದರ ಸೆಂಟಿಮೀಟರಿಗೆ 28,000 ಡೈನ್ ಬರುತ್ತದೆ. ಇದು 28 ಸೆಂಟಿಮೀಟರಿಗೂ ತುಸು ಎತ್ತರವಾದ ನೀರಿನ ಕಂಬದ ಒತ್ತಡಕ್ಕೆ ಸಮ. ದಿನ ತುಂಬಿದ ಕೂಸು ಶಾಂತವಾಗಿ ಉಸಿರಾಡುವಾಗ ಬಳಸುವುದು 5 ಸೆಂಟಿಮೀಟರಿನ ಆಸುಪಾಸಿನ ಒತ್ತಡವನ್ನು ಮಾತ್ರ. ಪಕ್ಕೆಲುಬುಗಳಿನ್ನೂ ಮೆದುವಾಗಿರುವ, ಒಂದೂವರೆ ಕಿಲೋ ತೂಗುವ ಜೀವವೊಂದು ಅದರ ಐದಾರು ಪಟ್ಟು ಬಲವನ್ನು ನಿಮಿಷಕ್ಕೆ 60ಕ್ಕೂ ಹೆಚ್ಚು ಸಲ ಪ್ರಯೋಗಿಸಬೇಕೆಂದರೆ ಅದು ಎಷ್ಟು ಹೊತ್ತು ತಾಳೀತು?

ಹಾಗಿದ್ದರೆ ನಾವೆಲ್ಲ ಸಲೀಸಾಗಿ ಉಸಿರಾಡುತ್ತಿರುವುದು ಹೇಗೆ? ವಾಯುಕೋಶದ ಗೋಡೆಯಲ್ಲಿರುವ ಒಂದು ಬಗೆಯ ಕಣಗಳು ಸಾಬೂನಿನ ಗುಣವುಳ್ಳ, ಕೊಬ್ಬಿನಂಶದ ಒಂದು ವಸ್ತುವನ್ನು ಸ್ರವಿಸುತ್ತವೆ. ವೈದ್ಯರು ಇದನ್ನು ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಇದು ತೇವದ ಮೇಲೆ ಹರಡಿ ಮೇಲ್ಮೈ ಎಳೆತವನ್ನು ಬಹಳವಾಗಿ ತಗ್ಗಿಸುತ್ತದೆ. ಉಸಿರು ಬಿಟ್ಟು ಗುಳ್ಳೆ ಕಿರಿದಾದಾಗ ಅದರ ಅಣುಗಳು ಒತ್ತೊತ್ತಾಗಿ ಸೇರಿ ಎಳೆತವನ್ನು ಮತ್ತೂ ಇಳಿಸುತ್ತವೆ. ಆದುದರಿಂದಲೇ ಸಣ್ಣ ಗುಳ್ಳೆ ದೊಡ್ಡದರೊಳಗೆ ಬರಿದಾಗಿ ಹೋಗುವುದಿಲ್ಲ. 1929ರಲ್ಲಿಯೇ ಫಾನ್ ನೀರ್‌ಗಾರ್ಡ್ ಎಂಬವನು, ಶ್ವಾಸಕೋಶವನ್ನು ಗಾಳಿಯಿಂದ ಉಬ್ಬಿಸುವುದಕ್ಕಿಂತ ದ್ರವದಿಂದ ಉಬ್ಬಿಸುವುದು ಸುಲಭವೆಂದು ತೋರಿಸಿ ಮೇಲ್ಮೈ ಎಳೆತದ ಕಡೆಗೆ ಬೆರಳು ಮಾಡಿದ್ದನು. ಯಾರೂ ಗಮನಿಸಲಿಲ್ಲ. 1955ರಲ್ಲಿ ಇಂಗ್ಲೆಂಡಿನ ಪ್ಯಾಟಲ್, ಶ್ವಾಸಕೋಶದಿಂದ ಬಂದ ನೊರೆಯ ಗುಳ್ಳೆಗಳು ಒಡೆಯದೆ ಬಹುಕಾಲ ನಿಲ್ಲುವುದನ್ನು ಗಮನಿಸಿ ಆ ವಸ್ತುವಿನ ಸುಳಿವನ್ನು ಕಂಡನು. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಎಂಬ ಇಬ್ಬರು, ಉಸಿರಾಟದ ಕಷ್ಟದಿಂದ ಮಡಿದ ಅಕಾಲ ಶಿಶುಗಳ ಶ್ವಾಸಕೋಶದಲ್ಲಿ ಈ ವಸ್ತುವಿನ ಕೊರತೆಯಿರುವುದನ್ನು ಮೇಲ್ಮೈ ಎಳೆತವನ್ನು ಅಳೆದೇ ಸಿದ್ಧಪಡಿಸಿದರು. ಕೆನಡಿಯವರ ಮಗು ಹುಟ್ಟುವ ಹೊತ್ತಿಗೆ ಕಾರಣ ಗೊತ್ತಿತ್ತು, ಪರಿಹಾರವಿರಲಿಲ್ಲ. ಜಪಾನಿನ ಫುಜಿವಾರ, ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ಹಾಕಿ ಗುಣ ಕಂಡುದನ್ನು ಪ್ರಕಟಿಸಿದ್ದು 1980ರಲ್ಲಿ.

ಗರ್ಭದಲ್ಲಿ ಈ ವಸ್ತುವಿನ ತಯಾರಿಕೆ ಸುಮಾರು 24ನೆಯ ವಾರದಿಂದ ಮೆಲ್ಲನೆ ತೊಡಗಿ, 35ನೆಯ ವಾರದ ಆಸುಪಾಸಿನಲ್ಲಿ ಸಾಕಷ್ಟಾಗುತ್ತದೆ. ಈಗ ನಮ್ಮ ನಾಡಿನ ಒಂದು ನಂಬಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. "ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ" ಎಂದು ಹಿರಿಯರು ಹೇಳುವುದನ್ನು ಕೇಳದವರು ಯಾರು? ಇದು ನಮ್ಮ ಸೊತ್ತೇನೂ ಅಲ್ಲ. ಪ್ರಾಚೀನ ಗ್ರೀಕರಲ್ಲಿ ಹಿಪ್ಪೋಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಎಂಟು ತಿಂಗಳ ಶಿಶುವನ್ನು ಕುರಿತೇ ಒಂದು ಪ್ರಬಂಧವುಂಟು. ಈಜಿಪ್ಟಿನಲ್ಲಿ ಎಂಟು ತಿಂಗಳ ಕೂಸುಗಳೂ ಬದುಕುತ್ತವೆಂದು ಅರಿಸ್ಟಾಟಲನು ಬರೆದಿಟ್ಟಿರುವುದನ್ನು ಕಂಡರೆ, ಅವನಿಗೂ ಈ ವಿಷಯದಲ್ಲಿ ಸ್ವಲ್ಪ ಅನುಮಾನವಿದ್ದಿರಬೇಕು. ಸತ್ಯಸಂಗತಿಯೆಂದರೆ, ಒಂದೊಂದು ವಾರ ಹೆಚ್ಚಾದಂತೆಲ್ಲ ಶಿಶುವಿನ ಬದುಕುವ ಅವಕಾಶವೂ ಹೆಚ್ಚುತ್ತದೆ; ಏಳಕ್ಕಿಂತ ಎಂಟು ಮೇಲು, ಎಂಟಕ್ಕಿಂತ ಒಂಬತ್ತು ಮೇಲು. ಈ ನಂಬಿಕೆಯನ್ನು ಬರಿಯ ಮೌಢ್ಯವೆಂದು ನಕ್ಕುಬಿಡಲು ನಮಗೆ ಮನಸ್ಸಿಲ್ಲ. ಅದರಿಂದ ಹಾನಿಯುಂಟು. ಆ ರಾತ್ರಿ ವಾಹನ ಬಂದು ನಿಂತಾಗ ನಮ್ಮ ದೊಡ್ಡಮ್ಮ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ, "ಎಂಟರದು, ಎಲ್ಲಿಗೆ ಹೊತ್ಕೊಂಡು ಹೋದ್ರೂ ಅಷ್ಟೇಯ" ಎಂದರಂತೆ. ಉಳಿಯದು ಎಂದು ಮೊದಲೇ ತೀರ್ಮಾನಿಸಿದವರು ಅವಸರಪಡುವುದಿಲ್ಲ.

ಅವಸರಪಡಬೇಕಾದದ್ದಕ್ಕೆ ಮುಖ್ಯ ಕಾರಣ ಒಂದು ಕುರಿಮರಿಯಿಂದ ತಿಳಿದುಬಂತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗಿನ್ಸ್ ಎಂಬ ಪ್ರಸೂತಿತಜ್ಞರು, ಪ್ರಸವವನ್ನು ತೊಡಗಿಸುವುದು ಯಾವುದು ಎಂಬುದನ್ನು ತಿಳಿಯಲು ಗಬ್ಬವಾದ ಕುರಿಗಳ ಭ್ರೂಣಕ್ಕೆ ಸ್ಟೀರಾಯ್ಡ್ ಜಾತಿಯ ಚೋದಕವನ್ನು ಕೊಟ್ಟು ಪರೀಕ್ಷಿಸುತ್ತಿದ್ದರು. ಮರಿಗಳು ಅವಧಿಗೆ ಬಹಳ ಮೊದಲೇ ಹುಟ್ಟಿದುವು. ಅಷ್ಟು ಎಳೆಯ ಮರಿ ಹುಟ್ಟಿದೊಡನೆ ಸಾಯಬೇಕಾಗಿತ್ತು. ಆದರೆ ಅವು ಉಸಿರಾಡುತ್ತಿದ್ದುವು. ಸತ್ತ ಮೇಲೆ ಕೊಯ್ದು ನೋಡಿದರೆ ಶ್ವಾಸಕೋಶ ಸ್ವಲ್ಪಮಟ್ಟಿಗೆ ಅರಳಿತ್ತು. ಚೋದಕವು ಸರ್ಫ್ಯಾಕ್ಟಂಟಿನ ತಯಾರಿಕೆಯನ್ನು ಮುಂದಕ್ಕೆ ತಳ್ಳಿತ್ತೆಂದು ಲಿಗಿನ್ಸ್ ಊಹಿಸಿದರು. ಇದನ್ನು 1969ರಲ್ಲಿ ಪ್ರಕಟಿಸಿ, ಬಳಿಕ ಹೋವಿ ಎಂಬ ಶಿಶುವೈದ್ಯರೊಡನೆ ಸೇರಿ 282 ತಾಯಂದಿರಲ್ಲಿ ಪರೀಕ್ಷಿಸಿ, 1972ರಲ್ಲಿ ಫಲವನ್ನು ಹೊರತಂದರು. ಹೆರಿಗೆಗೆ ಮುನ್ನ ತಾಯಿಗೆ ಕೊಟ್ಟ ಚುಚ್ಚುಮದ್ದು ಮಾಸಿನ ಮೂಲಕ ಹಾಯ್ದು ಶಿಶುವಿನ ಶ್ವಾಸಕೋಶವನ್ನು ಹದಗೊಳಿಸುತ್ತದೆ ಎಂಬುದು ಸ್ಥಿರವಾಯಿತು.

ಆದರೆ ಈ ಮದ್ದಿಗೆ ಹೊತ್ತು ಬೇಕು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಡೆಕ್ಸಾಮೆಥಸೋನನ್ನು 12 ಗಂಟೆಗೊಮ್ಮೆ 6 ಮಿಲಿಗ್ರಾಮಿನಂತೆ ನಾಲ್ಕು ಸಲ ಕೊಡುತ್ತಾರೆ. ಪೂರ್ಣ ಪ್ರಯೋಜನ ಕಾಣುವುದಕ್ಕೆ ಸುಮಾರು ಒಂದು ಹಗಲು ಒಂದು ರಾತ್ರಿಯಾದರೂ ಕಳೆಯಬೇಕು. ಗರ್ಭಕೋಶದ ಬಿಗಿತವನ್ನು ತಡೆಯುವ ನಿಫೆಡಿಪಿನ್ ಮುಂತಾದ ಔಷಧಗಳಿಂದ ಹೆರಿಗೆಯನ್ನು ವಾರಗಟ್ಟಲೆ ಮುಂದೂಡಲಾಗದು. ಒಂದೆರಡು ದಿನ ಮಾತ್ರ ಸಾಧ್ಯ. ಆ ಒಂದೆರಡು ದಿನವೇ ಇಲ್ಲಿ ಬೇಕಾದ ಬಂಡವಾಳ. ಬೆಳಗ್ಗೆ ನೋಡೋಣ ಎಂದು ನಾವು ಕಳೆಯಲು ಹೊರಟಿದ್ದ ಹತ್ತು ಗಂಟೆಗಳ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ. 2014ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಸೂಚನೆಯಂತೆ, 24ರಿಂದ 34 ವಾರದೊಳಗಿನ ಗರ್ಭಿಣಿಗೆ ಅಕಾಲ ಬೇನೆ ಬಂದರೆ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲನೆಯ ಚುಚ್ಚುಮದ್ದನ್ನು ಆರೋಗ್ಯ ಸಹಾಯಕಿಯೂ ಕೊಡಬಹುದು.

ಹಾಗೆಂದು ಯಾರೋ ಪರಿಚಿತರಿಂದ ಮನೆಯಲ್ಲಿಯೇ ಚುಚ್ಚಿಸಿಕೊಂಡು ನಿಶ್ಚಿಂತೆಯಿಂದಿರಬಹುದೆಂದು ಭಾವಿಸಬಾರದು. ಈ ವಿಷಯದಲ್ಲಿ ನಮ್ಮ ಬೆಳಗಾವಿಯಿಂದಲೇ ಸಾಕ್ಷ್ಯ ದೊರೆತಿದೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಭಾಗವಹಿಸಿದ್ದ, ಆರು ದೇಶಗಳ ಹಳ್ಳಿಗಾಡಿನಲ್ಲಿ ನಡೆದ ಒಂದು ಪರೀಕ್ಷೆಯ ಫಲ 2015ರಲ್ಲಿ ಬಂದಾಗ ಎಲ್ಲರೂ ಬೆಚ್ಚಿದರು. ಗರ್ಭದ ವಾರವನ್ನು ಸರಿಯಾಗಿ ಗೊತ್ತುಮಾಡದೆ, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಅನುಕೂಲವಿಲ್ಲದೆ ಮದ್ದನ್ನು ಹರಡಿದಲ್ಲಿ ಶಿಶುಮರಣ ಕಡಿಮೆಯಾಗುವುದಿರಲಿ, ಒಟ್ಟಿನಲ್ಲಿ ತುಸು ಹೆಚ್ಚಿತ್ತು. ಅನಂತರ ಬೆಳಗಾವಿಯೂ ಸೇರಿದಂತೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ವಾರವನ್ನು ಅಲ್ಟ್ರಾಸೌಂಡಿನಿಂದ ಖಚಿತಪಡಿಸಿಕೊಂಡು 2,852 ತಾಯಂದಿರಲ್ಲಿ ಮತ್ತೆ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಆ ಫಲದ ಪ್ರಕಾರ, ಮದ್ದು ಪಡೆಯದವರ ಶಿಶುಗಳಲ್ಲಿ ನೂರಕ್ಕೆ 23.5 ತೀರಿಕೊಂಡರೆ ಪಡೆದವರಲ್ಲಿ 19.6. ಮದ್ದು ಒಂದೇ, ಇಪ್ಪತ್ತೈದು ಮಂದಿಗೆ ಒಂದು ಜೀವದಂತೆ ಉಳಿಸಿದ್ದು ಅದರ ಸುತ್ತಲಿದ್ದ ಆಸ್ಪತ್ರೆ, ಮತ್ತು ವಾರದ ಸರಿಯಾದ ಲೆಕ್ಕ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗಿನ ಕಾಗದವನ್ನು ಜೋಪಾನವಾಗಿಡಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಇನ್ನು ಬೇನೆಯನ್ನು ಗುರುತಿಸುವ ಬಗೆ. ಗರ್ಭಕೋಶವು ತಿಂಗಳು ತುಂಬುವ ಮೊದಲೂ ಆಗಾಗ ಬಿಗಿದು ಸಡಿಲಿಸುತ್ತಿರುತ್ತದೆ. 1872ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಬ್ರ್ಯಾಕ್ಸ್‌ಟನ್ ಹಿಕ್ಸನ ಹೆಸರೇ ಆ ಬಿಗಿತಕ್ಕೆ ನಿಂತಿದೆ. ನಮ್ಮವರು ಸುಳ್ಳು ಬೇನೆಯೆನ್ನುತ್ತಾರೆ. ಇದಕ್ಕೆ ಕ್ರಮವಿಲ್ಲ. ಒಮ್ಮೆ ಬಂದರೆ ಮತ್ತೆ ಅರ್ಧ ಗಂಟೆಗೆ ಬಂದೀತು, ಬಾರದೆಯೂ ಇದ್ದೀತು. ನೀರು ಕುಡಿದು ಎಡಮಗ್ಗುಲಿಗೆ ಮಲಗಿದರೆ ಇಳಿದುಹೋಗುತ್ತದೆ. ನಿಜವಾದ ಬೇನೆಗೆ ಲಯವುಂಟು, ಮತ್ತು ಅಂತರ ಕಿರಿದಾಗುತ್ತ ಬರುತ್ತದೆ. ಅಂತರವನ್ನು ಅಳೆಯುವಾಗ ಒಂದು ಬಿಗಿತದ ಆರಂಭದಿಂದ ಮುಂದಿನದರ ಆರಂಭದವರೆಗೆ ಅಳೆಯಬೇಕು, ಮುಗಿದಲ್ಲಿಂದಲ್ಲ. ಬೆರಳ ತುದಿಗಳನ್ನು ಹೊಟ್ಟೆಯ ಮೇಲಿಟ್ಟರೆ ಸಾಕು, ತಾಯಿಗೆ ನೋವು ತಿಳಿಯದಿದ್ದರೂ ಬಿಗಿತ ಕೈಗೆ ತಿಳಿಯುತ್ತದೆ. 37 ವಾರ ತುಂಬದವಳಿಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ, ಎಂದರೆ ಗಂಟೆಗೆ ಆರು ಸಲ ಬಿಗಿತ ಬಂದರೆ ಅದು ಆಸ್ಪತ್ರೆಗೆ ಹೊರಡುವ ಹೊತ್ತು. ನೋವಿಲ್ಲವೆಂಬುದು ಸಮಾಧಾನಕ್ಕೆ ಕಾರಣವಾಗಬಾರದು. ಅನೇಕರಿಗೆ ಅಕಾಲ ಬೇನೆಯು ಬೇನೆಯ ವೇಷದಲ್ಲಿ ಬರುವುದೇ ಇಲ್ಲ. ನಡುವಿನ ಕೆಳಗೆ ಬಿಡದೆ ಹಿಡಿದ ಮಂದ ನೋವು, ಮುಟ್ಟಿನ ದಿನಗಳಂಥ ಕಿಬ್ಬೊಟ್ಟೆಯ ಹಿಂಡು, ಕೂಸು ಕೆಳಕ್ಕೆ ಒತ್ತಿ ಇಳಿದಂಥ ಭಾರ, ಹೊಟ್ಟೆ ಕೆಟ್ಟಂತೆ ಭೇದಿ, ಬಿಳುಪು ಹೋಗುವುದು ಇದ್ದಕ್ಕಿದ್ದಂತೆ ಹೆಚ್ಚಾಗಿ ನೀರಾಗಿ ಅಥವಾ ಲೋಳೆಯಾಗಿ ಮಾರ್ಪಡುವುದು, ಇವುಗಳಲ್ಲಿ ಒಂದಾದರೂ ಹೊಸದಾಗಿ ತೋರಿದರೆ ಅಂದೇ ತೋರಿಸಬೇಕು.

ಕೆಲವು ಸಂದರ್ಭಗಳಲ್ಲಂತೂ ಗಡಿಯಾರವನ್ನು ನೋಡುತ್ತ ಕೂರುವುದೇ ತಪ್ಪು. ನೀರಿನ ಚೀಲ ಒಡೆದು ನೀರು ಸುರಿದರೆ, ತೊಟ್ಟಿಕ್ಕುತ್ತಿದ್ದರೂ ಸರಿಯೆ, ಬಿಗಿತವಿರಲಿ ಇಲ್ಲದಿರಲಿ ಕೂಡಲೇ ಹೊರಡಬೇಕು. ಮೂತ್ರವೋ ಗರ್ಭಜಲವೋ ಎಂಬ ಅನುಮಾನವನ್ನು ಮನೆಯಲ್ಲಿ ಬಗೆಹರಿಸಲಾಗದು. ಶುಭ್ರವಾದ ಬಟ್ಟೆಯನ್ನು ಇಟ್ಟುಕೊಂಡು, ಅದರ ಬಣ್ಣ ವಾಸನೆಗಳನ್ನು ವೈದ್ಯರಿಗೆ ತೋರಿಸಿದರೆ ಅವರು ನಿರ್ಣಯಿಸುತ್ತಾರೆ. ನೆತ್ತರು ಕಂಡರೆ, ಜ್ವರ ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿಯುವಂತಾಗಿ ಕಣ್ಣು ಮಂಜಾದರೆ ಹಗಲು ರಾತ್ರಿಯೆಂದು ನೋಡಬಾರದು. ಹೋಗಿ ನೋಡಿದ ಮೇಲೆ ಅದು ಸುಳ್ಳು ಬೇನೆಯೆಂದೇ ಆಗಬಹುದು. ವೈದ್ಯರು ಗರ್ಭಕೋಶದ ಕೊರಳನ್ನು ಪರೀಕ್ಷಿಸಿ, ಅದು ಇನ್ನೂ ನೀಳವಾಗಿ ಮುಚ್ಚಿದೆ, ಮನೆಗೆ ಹೋಗಿ ಎಂದು ಕಳುಹಿಸಿಬಿಟ್ಟರೆ ನಾಚಿಕೆಪಡುವಂಥದು ಏನೂ ಇಲ್ಲ. ಕೊರಳು ತೆರೆದಿದೆಯೋ ಇಲ್ಲವೋ ಎಂಬುದನ್ನು ತಾಯಿಯಾಗಲಿ, ಹತ್ತು ಹೆತ್ತ ಅಜ್ಜಿಯಾಗಲಿ, ಎಂ.ಎಸ್‌ಸಿ. ಮಾಡಿದ ನಾವಾಗಲಿ ಹೊರಗಿನಿಂದ ಹೇಳಲು ಸಾಧ್ಯವೇ ಇಲ್ಲ.

ಕಾರಣಗಳನ್ನು ಕುರಿತು ಒಂದೆರಡು ಮಾತು. ಮೂತ್ರನಾಳದ ಸೋಂಕು, ರಕ್ತದ ಒತ್ತಡ, ಅವಳಿ ಮಕ್ಕಳು, ರಕ್ತಹೀನತೆ, ಹೆರಿಗೆಗಳ ನಡುವೆ ಸಾಕಷ್ಟು ಅಂತರವಿಲ್ಲದಿರುವುದು, ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವುದು, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಹಿಂದೊಮ್ಮೆ ಅಕಾಲ ಪ್ರಸವವಾಗಿದ್ದವಳು ಮೊದಲಿನಿಂದಲೂ ವೈದ್ಯರ ಕಣ್ಣಿನಲ್ಲಿರಬೇಕು. ಆದರೂ ಬಹಳ ಸಂದರ್ಭಗಳಲ್ಲಿ ಯಾವ ಕಾರಣವೂ ಕಾಣಿಸುವುದಿಲ್ಲ. ಗ್ರಹಣ ಕಂಡಳು, ಪರಂಗಿ ಹಣ್ಣು ತಿಂದಳು, ಮೆಟ್ಟಿಲು ಹತ್ತಿದಳು ಎಂದು ಹೆತ್ತವಳ ಮೇಲೆಯೇ ತಪ್ಪನ್ನು ಹೊರಿಸುವುದು ಕ್ರೌರ್ಯ. ಬೈಗುಳಕ್ಕೆ ಹೆದರಿದವಳು ಒದ್ದೆಯಾದ ಸೀರೆಯನ್ನು ಮುಚ್ಚಿಡುತ್ತಾಳೆ.

ಹೊರಡುವಾಗ ಏನು ಮಾಡಬೇಕು? 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ 108ರ ಸೇವೆ ಇದೆ. ಎಷ್ಟನೆಯ ವಾರ, ಎಷ್ಟು ನಿಮಿಷಕ್ಕೊಮ್ಮೆ ಬಿಗಿತ, ನೀರು ಹೋಗಿದೆಯೇ ಎಂಬ ಮೂರು ಮಾತು ಹೇಳಿದರೆ ಸಾಕು. ತಾಯಿ ಕಾರ್ಡನ್ನೂ ಸ್ಕ್ಯಾನಿಂಗ್ ಕಾಗದವನ್ನೂ ತೆಗೆದುಕೊಳ್ಳಬೇಕು, ಆದರೆ ಅದು ಸಿಗಲಿಲ್ಲವೆಂದು ಹುಡುಕುತ್ತ ನಿಲ್ಲಬಾರದು. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ, ತಾಯಿ ಕಾರ್ಡಿಲ್ಲವೆಂದು ಆಸ್ಪತ್ರೆಯಿಂದ ಹಿಂದಿರುಗಿದ ಬಡ ಗರ್ಭಿಣಿಯೊಬ್ಬಳು ಮನೆಯಲ್ಲಿ ಅವಳಿಗಳನ್ನು ಹೆತ್ತು, ತಾಯಿಯೂ ಎರಡು ಕೂಸುಗಳೂ ಅಸುನೀಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ತುರ್ತುಸ್ಥಿತಿಯಲ್ಲಿ ಬಂದವರಿಗೆ ಸಕಾಲದಲ್ಲಿ ಚಿಕಿತ್ಸೆ ನೀಡುವುದು ಸರಕಾರಿ ಆಸ್ಪತ್ರೆಗಳ ಕರ್ತವ್ಯ, ನೀಡದಿದ್ದರೆ ಅದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ತೀರ್ಪಿತ್ತಿದೆ. ಕಾಗದವಿಲ್ಲವೆಂದು ಯಾರಾದರೂ ಹೇಳಿದರೆ ಬಾಗಿಲಲ್ಲಿಯೇ ನಿಂತು ಕೇಳಬೇಕು, ಹಿಂದಿರುಗಬಾರದು.

ಹಾಲ್ಕುರಿಕೆಯಿಂದ ಹೊರಟ ವಾಹನ ತಿಪಟೂರಿನ ಆಸ್ಪತ್ರೆಗೆ ಸೇರಿದಾಗ ಹನ್ನೆರಡು ಹೊಡೆದಿತ್ತು. ಕೊರಳು ತೆರೆಯಲು ಮೊದಲಾಗಿದೆಯೆಂದು ವೈದ್ಯರು ತಿಳಿಸಿ, ಮೊದಲನೆಯ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ಎಳೆಗೂಸುಗಳ ವಿಶೇಷ ಶುಶ್ರೂಷೆಯ ಅನುಕೂಲವಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ತಿಪಟೂರಿನಿಂದ ತುಮಕೂರಿಗೆ 70 ಕಿಲೋಮೀಟರಿಗೂ ಹೆಚ್ಚಿನ ದಾರಿ. ದಿನ ತುಂಬದ ಮಗುವನ್ನು ಸಾಗಿಸಲು ತಾಯಿಯ ಗರ್ಭಕ್ಕಿಂತ ಉತ್ತಮವಾದ ವಾಹನವಿಲ್ಲ. ಹೆತ್ತ ಮೇಲೆ ಕೂಸನ್ನು ಹೊತ್ತು ಓಡುವುದಕ್ಕಿಂತ ಹೆರುವ ಮೊದಲೇ ತಾಯಿಯನ್ನು ಕೊಂಡೊಯ್ಯುವುದು ಎಷ್ಟೋ ಮೇಲು. ಹೆರಿಗೆಯಾದದ್ದು 38 ಗಂಟೆಗಳ ಮೇಲೆ. ನಾಲ್ಕು ಸಲದ ಮದ್ದೂ ಅಷ್ಟರಲ್ಲಿ ಒಳಸೇರಿತ್ತು. ಹೆಣ್ಣು ಮಗು, ತೂಕ 1,500 ಗ್ರಾಂ. ಕೆಲವು ದಿನ ಮೂಗಿನ ಮೂಲಕ ಒತ್ತಡದ ಗಾಳಿ ಬೇಕಾಯಿತು. ಆ ಒತ್ತಡದ ಅಳತೆಯನ್ನು ಸೆಂಟಿಮೀಟರ್ ನೀರಿನಲ್ಲಿಯೇ ಬರೆದಿದ್ದ ಫಲಕವನ್ನು ಕಂಡಾಗ ನಮ್ಮ ಲಾಪ್ಲಾಸನ ಸೂತ್ರ ನೆನಪಾಗಿ ಮೈ ಜುಮ್ಮೆಂದಿತು.

ಎರಡನೆಯ ನಿಯಮ ಉಷ್ಣಕ್ಕೆ ಸಂಬಂಧಿಸಿದುದು. ದಾರಿಯಲ್ಲಿಯೋ ಮನೆಯಲ್ಲಿಯೋ ಹೆರಿಗೆ ಆಗಿಯೇಬಿಟ್ಟರೆ ಇದನ್ನು ಬಲ್ಲವರು ಒಂದು ಜೀವವನ್ನು ಉಳಿಸಬಲ್ಲರು. ಒಂದೇ ಆಕಾರದ ವಸ್ತುಗಳಲ್ಲಿ ತೂಕ ಕಡಿಮೆಯಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ವಿಸ್ತೀರ್ಣ ಹೆಚ್ಚು. 64 ಕಿಲೋ ತೂಗುವ ಮನುಷ್ಯನಿಗಿಂತ ಒಂದು ಕಿಲೋ ತೂಗುವ ಕೂಸಿಗೆ, ತೂಕದ ಲೆಕ್ಕದಲ್ಲಿ, ಉಷ್ಣವನ್ನು ಕಳೆದುಕೊಳ್ಳುವ ಮೈ ನಾಲ್ಕು ಪಟ್ಟು. ಸಾಲದುದಕ್ಕೆ ಹುಟ್ಟಿದ ಕೂಸಿನ ಮೈ ಒದ್ದೆ. ಒಂದು ಗ್ರಾಂ ನೀರು ಆ ಉಷ್ಣತೆಯಲ್ಲಿ ಆರಲು ಸುಮಾರು 580 ಕ್ಯಾಲೊರಿ ಬೇಕು. ಹತ್ತು ಗ್ರಾಂ ನೀರು ಆರುವುದಕ್ಕೆ ಬೇಕಾದ ಉಷ್ಣವೆಲ್ಲ ಒಂದು ಕಿಲೋ ಕೂಸಿನ ಮೈಯಿಂದಲೇ ಹೋಯಿತೆಂದರೆ, ಅದರ ಉಷ್ಣತೆ ಏಳು ಡಿಗ್ರಿಯಷ್ಟು ಇಳಿಯಬೇಕಾಗುತ್ತದೆ. ಹತ್ತು ಗ್ರಾಂ ಎಂದರೆ ಎರಡು ಸಣ್ಣ ಚಮಚ! ಆದುದರಿಂದ ಮೊದಲ ಕೆಲಸ ಒಣ ಬಟ್ಟೆಯಿಂದ ತಲೆಮೈಗಳನ್ನು ಒರಸಿ, ಒದ್ದೆ ಬಟ್ಟೆಯನ್ನು ಎಸೆಯುವುದು. ಬಿಸಿನೀರು ಕಾಯಿಸಿ ಮೀಯಿಸಲು ಹೊರಡುವುದು ಅಕ್ಕರೆಯಿಂದ ಮಾಡುವ ಅನಾಹುತ. ಅದನ್ನು ಒಂದು ದಿನವಾದರೂ ತಡೆಯಬೇಕು, ಇಂಥ ಕೂಸಿಗೆ ಇನ್ನೂ ಹೆಚ್ಚು. ಒರಸಿದ ಕೂಸನ್ನು ತಾಯಿಯ ಬರಿಯ ಎದೆಗೆ ಆನಿಸಿ, ತಲೆಗೆ ಟೋಪಿ ಹಾಕಿ, ಇಬ್ಬರಿಗೂ ಸೇರಿಸಿ ಹೊದಿಸಬೇಕು. ಮೂಗು ಬಾಯಿ ಮಾತ್ರ ತೆರೆದಿರಬೇಕು.

ಇದನ್ನು ಕಾಂಗರೂ ಶುಶ್ರೂಷೆಯೆನ್ನುತ್ತಾರೆ. 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೋಟದಲ್ಲಿ, ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗಾರ್ ರೇ ಎಂಬ ವೈದ್ಯರು ತಾಯಂದಿರ ಮೈಯನ್ನೇ ಪೆಟ್ಟಿಗೆಯಾಗಿ ಬಳಸಿದರು. ಬಡತನದಿಂದ ಹುಟ್ಟಿದ ಉಪಾಯವೆಂದು ಮೊದಮೊದಲು ಅನೇಕರು ಮೂಗು ಮುರಿದರು. ಭಾರತವೂ ಸೇರಿದ್ದ ಐದು ದೇಶಗಳಲ್ಲಿ 1 ರಿಂದ 1.8 ಕಿಲೋ ತೂಕದೊಳಗಿನ ಶಿಶುಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದೊಡನೆ ಹೀಗೆ ಎದೆಗೆ ಕಟ್ಟಿಕೊಂಡ ಕೂಸುಗಳಲ್ಲಿ ಮೊದಲ 28 ದಿನಗಳಲ್ಲಿ ತೀರಿಕೊಂಡವು ನೂರಕ್ಕೆ 12. ಆರೋಗ್ಯ ಸ್ಥಿರವಾಗುವವರೆಗೆ ಕಾದು ಅನಂತರ ಕಟ್ಟಿಕೊಂಡಲ್ಲಿ 15.7. ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲಿಯೂ ಈ ಪದ್ಧತಿಯನ್ನು ವ್ಯಾಪಕವಾಗಿ ರೂಢಿಗೆ ತರಲಾಗಿದೆ.

ನಮ್ಮ ತಂಗಿಯ ಸರದಿ ಮುಗಿದು ಅವಳು ಊಟಕ್ಕೆ ಏಳಬೇಕಾದಾಗ, ಕೂಸನ್ನು ಎದೆಗೆ ಕಟ್ಟಿಕೊಂಡು ಕೂರುವವರು ಯಾರೆಂಬ ಪ್ರಶ್ನೆ ಬಂತು. ತಂದೆಯಾಗಲಿ ಅಜ್ಜಿಯಾಗಲಿ ಆಗಬಹುದು, ಮೈ ಬೆಚ್ಚಗಿದ್ದು ಆರೋಗ್ಯವಾಗಿದ್ದರೆ ಸಾಕು ಎಂದು ದಾದಿ ಹೇಳಿದರು. ಯಾರಿಗೂ ಅವಕಾಶ ಕೊಡದೆ ಕೈ ನೀಡಿದವರು ದೊಡ್ಡಮ್ಮ. ಮೂರು ವಾರ ದಿನಕ್ಕೆ ನಾಲ್ಕು ಗಂಟೆಯಂತೆ ಕುಳಿತರು. ಈಗ ಯಾರಾದರೂ ಎಂಟರ ಮಾತೆತ್ತಿದರೆ ಅವರು, "ನಮ್ಮದು ಎಂಟರದೇ" ಎಂದು ತಮ್ಮ ಎದೆಯನ್ನು ಮುಟ್ಟಿ ತೋರಿಸುತ್ತಾರೆ.